ಒಂದು ಗೇಣು ಕೆಂಪು ದಾರ

ಬಟ್ಟಲುಗಳನ್ನು ಉಪ್ಪು ಹಾಕಿ ತಿಕ್ಕಿದರೆ ಚಹಾದ ಕರೆ ಹೋಗುತ್ತದೆ. ಸದ್ದಾಗಬಾರದೆಂದು ಒಂದೊಂದನ್ನೂ ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ಅಂಚಿನ ಸುತ್ತ ಬೆರಳಾಡಿಸಿ, ಮುಕ್ಕಾಗಿದ್ದ ಒಂದನ್ನು ನನಗೆಂದು ಪಕ್ಕಕ್ಕಿಟ್ಟೆ. ಪರದೆಯ ಆಚೆ, ಓದುವ ಕೋಣೆಯಲ್ಲಿ, ಯಾರೂ ಮಾತಾಡುತ್ತಿರಲಿಲ್ಲ. ಗುರುವಾರ ಮೂರರಿಂದ ಮೂರೂವರೆಯವರೆಗೆ ನಮ್ಮ ಊರಿನ ಗ್ರಂಥಾಲಯದಲ್ಲಿ ಲೇಖಕರು ಕಣ್ಣು ಮುಚ್ಚಿ ಕೂರುತ್ತಾರೆ. ಒಳ್ಳೆಯ ಬರಹ ಮೌನದಿಂದ ಹುಟ್ಟುತ್ತದೆ ಎಂದು ತುರ್ದಾಕುನ್ ಆಗಾಯ್ ಹೇಳಿಕೊಟ್ಟಿದ್ದರು. ಆ ದಿನ ಹುಟ್ಟಿದ್ದು ಕುಬಾನ್ ಬಾಯ್ಕೆಯ ಗೊರಕೆ.

ತುರ್ದಾಕುನ್ ಅವರು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಹಾಗಾಗಿ ಊರಿಗೆಲ್ಲ ಆಗಾಯ್. ಮೂವತ್ತೊಂದು ವರ್ಷದ ಹಿಂದೆ ಅವರದೊಂದು ಪುಸ್ತಕ ಅಚ್ಚಾಗಿತ್ತು, ಒಂದು ಅಣೆಕಟ್ಟಿನ ಬಗ್ಗೆ. ಗ್ರಂಥಾಲಯದಲ್ಲಿ ಅದರ ಅರವತ್ತು ಪ್ರತಿಗಳಿವೆ. ಧೂಳು ಒರೆಸುವವಳು ನಾನು, ಹಾಗಾಗಿ ಗೊತ್ತು. ಒರೆಸುವಾಗ ಒಂದೊಂದು ಪುಸ್ತಕ ತೆರೆದು ನಿಂತುಕೊಂಡೇ ಓದುವುದು ನನ್ನ ಅಭ್ಯಾಸ. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟವಳಿಗೆ ಉಳಿದದ್ದು ಅಷ್ಟೇ. ಅಮ್ಮ ಆಗ ಹಾಸಿಗೆ ಹಿಡಿದಿದ್ದಳು, ಉಣ್ಣೆಯ ಹಾಸುಗಳನ್ನು ಹೊಲಿಯುತ್ತಿದ್ದವಳು.

ಗುರುವಾರ ಮಾತ್ರ ನನಗೆ ಇನ್ನೊಂದು ಕೆಲಸ, ಸಮೋವಾರ್ ಎಂಬ ಕೊಳಾಯಿ ಹಂಡೆಯ ಪಕ್ಕ ಕೂತು ಚಹಾ ಸುರಿಯುವುದು. ಬಟ್ಟಲಿನ ಮೂರನೇ ಒಂದು ಪಾಲು ಸುರಿಯಬೇಕು. ಕುಡಿದು ಮತ್ತೆ ಚಾಚುತ್ತಾರೆ, ಮತ್ತೆ ಅಷ್ಟೇ ಸುರಿಯಬೇಕು, ಅದೇ ಮರ್ಯಾದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗಿ ಎಂದರ್ಥ. ನನ್ನ ಸೋದರತ್ತೆ ತನ್ನ ಬೀಗಿತ್ತಿಗೆ ಹಾಗೆ ಮಾಡಿ ಹನ್ನೆರಡು ವರ್ಷವಾಯಿತು. ಆ ಎರಡು ಮನೆಗಳ ನಡುವೆ ಈಗ ನಾಯಿಗಳು ಮಾತ್ರ ಓಡಾಡುತ್ತವೆ.

ಸಮೋವಾರ್ ಪಕ್ಕ ಕೂತೇ ನಾನು ಒಳ್ಳೆಯ ಲೇಖಕರಾಗುವ ನಿಯಮಗಳನ್ನೆಲ್ಲ ಕೇಳಿಸಿಕೊಂಡೆ. ಮೊದಲ ಪ್ಯಾರಾದಲ್ಲಿ ಬೆಟ್ಟ ಇರಬೇಕು. ಒಂದು ನಾಮಪದಕ್ಕೆ ಮೂರು ವಿಶೇಷಣ. ಬಡವನನ್ನು ತರುವುದಾದರೆ ಅವನು ಹಾಡುತ್ತಿರಬೇಕು. ಎಲ್ಲಕ್ಕಿಂತ ದೊಡ್ಡದು ಏಳು ತಲೆಮಾರಿನ ನಿಯಮ. ನಮ್ಮಲ್ಲಿ ಮಕ್ಕಳು ಮಾತು ಕಲಿತ ಕೂಡಲೇ ಏಳು ತಲೆಮಾರಿನ ತಂದೆಯರ ಹೆಸರು ಕಲಿಯುತ್ತಾರೆ. ಆಗಾಯ್ ಅದನ್ನು ಬರವಣಿಗೆಗೂ ತಂದಿದ್ದರು. ಓದುವ ಮೊದಲು ಎದ್ದು ನಿಂತು, ನಾನು ಇಂಥವರಿಂದ ಕಲಿತೆ, ಅವರು ಇಂಥವರಿಂದ ಕಲಿತರು ಎಂದು ಏಳು ಹೆಸರು ಹೇಳಬೇಕು. ಮೊದಲನೆಯ ಹೆಸರು ಎಲ್ಲರದೂ ತುರ್ದಾಕುನ್ ಆಗಾಯ್‌ದೇ. ಕುಬಾನ್ ಬಾಯ್ಕೆ, ಅಂದರೆ ಕುಬಾನ್ ಅಣ್ಣ, ದನದ ಡಾಕ್ಟರು, ಕುದುರೆಗಳ ಮೇಲೆ ಪದ್ಯ ಬರೆಯುತ್ತಾರೆ. ಅವರ ಪಟ್ಟಿಯಲ್ಲಿ ಮೂರರಿಂದ ಏಳರವರೆಗೆ ಎಲ್ಲರೂ ದನದ ಡಾಕ್ಟರುಗಳೇ. ಎಷ್ಟೋ ಗುರುವಾರ ಪಟ್ಟಿಗಳು ಮುಗಿಯುವಷ್ಟರಲ್ಲಿ ಗ್ರಂಥಾಲಯ ಮುಚ್ಚುವ ಹೊತ್ತಾಗುತ್ತಿತ್ತು. ಪದ್ಯಗಳಿಗೂ ಅದರಿಂದ ಅನುಕೂಲವೇ ಆಯಿತು.

ಅಕ್ಟೋಬರಿನಲ್ಲಿ ಒಂದು ದಿನ ನಾನೂ ಧೈರ್ಯ ಮಾಡಿ ನನ್ನ ನೋಟ್‌ಬುಕ್ಕನ್ನು ಆಗಾಯ್ ಮುಂದಿಟ್ಟೆ. ಹಿಂಬದಿ ರಟ್ಟಿನಲ್ಲಿ ಮಗ್ಗಿ ಅಚ್ಚಾಗಿರುವ ಹಸಿರು ಶಾಲಾ ನೋಟ್‌ಬುಕ್.

"ಏನಮ್ಮಾ ಇದು? ನೀನೂ ಶುರು ಮಾಡ್ದ್ಯಾ?" ಎಂದರು ಆಗಾಯ್. "ಎಲ್ಲಿ, ನಿನ್ನ ಏಳು ಹೆಸರು ಹೇಳು ನೋಡೋಣ."

"ಅಮ್ಮ," ಎಂದೆ. ಮುಂದಿನದು ಗೊತ್ತಿರಲಿಲ್ಲ.

"ಅಮ್ಮ ಇದ್ರಲ್ಲಿ ಬರಲ್ಲ ಕಣೇ, ಇದು ತಂದೆಯರ ಪಟ್ಟಿ," ಕುಬಾನ್ ಬಾಯ್ಕೆ ನಕ್ಕರು. "ಏನು ಬರೀತಿದ್ಳು ನಿಮ್ಮಮ್ಮ?"

"ಬರೀತಿರ್ಲಿಲ್ಲ. ಹೊಲೀತಿದ್ಳು."

"ಮತ್ತೆ ದರ್ಜಿ ಹತ್ರ ಹೋಗೋದ್ ಬಿಟ್ಟು ಇಲ್ಲಿಗ್ಯಾಕೆ ಬಂದೆ!"

"ಪಾಪ, ಕೊಡ್ಲಿ ಬಿಡಿ," ಎಂದರು ಗ್ರಂಥಾಲಯದ ಮುಖ್ಯಸ್ಥೆ ಸಾಬಿರಾ ಏಜೆ, ನಮಗೆಲ್ಲ ಅಕ್ಕ. "ಕೈಬರಹ ಚೆನ್ನಾಗಿದೆ. ಸೂಚನಾ ಫಲಕ ಬರೆಸಬಹುದು."

ಆಗಾಯ್ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. ಎರಡು ಚಳಿಗಾಲ ಕೂತು ಬರೆದ ಹನ್ನೊಂದು ಪುಟ, ಮತ್ತು ಹನ್ನೆರಡನೆಯದರಲ್ಲಿ ಒಂದು ಸಾಲು. ಇನ್ನೊಂದು ಪ್ರತಿ ಇರಲಿಲ್ಲ. ಅಮ್ಮ ಕೊನೆಯ ತಿಂಗಳುಗಳಲ್ಲಿ ಆಡಿದ ಮಾತೆಲ್ಲ ಅದರಲ್ಲಿತ್ತು. ಬರೆದಿಟ್ಟ ಮೇಲೆ ನಾನು ಅವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದೆ. ಬೇಕಾದಾಗ ಓದಿದರಾಯಿತು ಎಂದುಕೊಂಡಿದ್ದೆ.

ನವೆಂಬರಿನಲ್ಲಿ ಕೇಳಿದೆ. "ಹಸಿ ಇದೆ ಮಗಳೇ. ಬೆರಣಿ ಇದ್ದ ಹಾಗೆ, ಇನ್ನೂ ಒಣಗ್ಬೇಕು," ಎಂದರು. ಡಿಸೆಂಬರಿನಲ್ಲಿ ನೋಟ್‌ಬುಕ್ ಮನೆಯಲ್ಲಿತ್ತು. ಜನವರಿಯಲ್ಲಿ ಮೊಮ್ಮಗಳು ಎಲ್ಲೋ ಇಟ್ಟಿದ್ದಳು. ಫೆಬ್ರವರಿಯಲ್ಲಿ ನಾನು ಕೇಳುವುದನ್ನು ಬಿಟ್ಟೆ. ಆದರೆ ರಾತ್ರಿ ಮಲಗುವಾಗ ಅಮ್ಮ ಹಾಸಿನ ಅಂಚಿನ ಬಣ್ಣದ ಬಗ್ಗೆ ಏನೋ ಹೇಳಿದ್ದಳಲ್ಲ ಎಂದು ಯೋಚಿಸುತ್ತಿದ್ದೆ. ಅರ್ಧ ಮಾತ್ರ ನೆನಪಿಗೆ ಬರುತ್ತಿತ್ತು.

ಕುಬಾನ್ ಬಾಯ್ಕೆ ಗೊರಕೆ ಹೊಡೆದ ಆ ಗುರುವಾರ ಮಾರ್ಚ್ ತಿಂಗಳದು. ರಾಜಧಾನಿ ಬಿಶ್ಕೆಕ್‌ನಿಂದ ಒಬ್ಬ ಸಂಪಾದಕರು ಬರುವವರಿದ್ದರು, ಎಸೆನ್‌ಗುಲ್ ಜುಮಾಬಾಯೆವಿಚ್ ಎಂದು. ನಮ್ಮ ಕಡೆಯ ಲೇಖಕರದೊಂದು ಬರಹವನ್ನು ಆರಿಸಿ ಪತ್ರಿಕೆಯಲ್ಲಿ ಹಾಕುತ್ತಾರಂತೆ. ಸಾಬಿರಾ ಏಜೆ ಮನೆಯಿಂದ ಹಾಸು ತಂದು ಹಾಕಿ, ಕುರಿ ಬೇಯಿಸಿ ತರಿಸಿದ್ದರು. ಆಗಾಯ್ ಬಿಳಿ ಉಣ್ಣೆಯ ಟೊಪ್ಪಿಗೆ ಹಾಕಿ, ಅಣೆಕಟ್ಟಿನವರು ಕೊಟ್ಟಿದ್ದ ಪದಕ ಸಿಕ್ಕಿಸಿಕೊಂಡು ಬಂದಿದ್ದರು. ಬೆಳಗಿನಿಂದ ಮೂರು ಸಲ ಅದನ್ನು ಬಿಚ್ಚಿ ಮೂರು ಸಲ ಸಿಕ್ಕಿಸಿದ್ದನ್ನು ನಾನು ನೋಡಿದೆ.

ಸಂಪಾದಕರು ದಪ್ಪಗೆ, ನಿಧಾನದವರು. ಬೂಟು ಬಿಚ್ಚಿ ಒಳಗೆ ಬಂದು ಅತಿಥಿಗೆಂದಿಟ್ಟ ಮೇಲಿನ ಜಾಗದಲ್ಲಿ ಕೂತರು. ಬೇಯಿಸಿದ ಕುರಿತಲೆಯನ್ನು ಅವರ ಮುಂದಿಟ್ಟಾಗ ಅದರ ಕಿವಿ ಕತ್ತರಿಸಿ, ಅಲ್ಲಿದ್ದವರಲ್ಲಿ ಚಿಕ್ಕವರಿಗೆ ಕೊಡಬೇಕಲ್ಲ, ಸುತ್ತ ಕಣ್ಣಾಡಿಸಿ ಕುಬಾನ್ ಬಾಯ್ಕೆಗೆ ಕೊಟ್ಟರು. "ತಗೊಳ್ಳಿ, ಯುವ ಲೇಖಕರು!"

ಬಾಯ್ಕೆಗೆ ಐವತ್ತೆಂಟು ವರ್ಷ. "ನಾವಿನ್ನೂ ಕಲೀತಿದ್ದೀವಿ," ಎಂದು ಕೆಂಪಾಗಿ ತಿಂದರು.

ಆಗಾಯ್ ಎದ್ದು ನಿಂತು ಏಳು ಹೆಸರು ಹೇಳಿದರು. ಚೀಲದಿಂದ ಹಾಳೆಗಳನ್ನು ತೆಗೆದರು. "ಹೊಸ ಕಥೆ. ಈ ಚಳಿಗಾಲದಲ್ಲಿ ಬರೆದದ್ದು," ಎಂದು ಓದತೊಡಗಿದರು.

"ಹಿಮದ ಕಿರೀಟ ತೊಟ್ಟ, ಬೆಳ್ಳಿಗಡ್ಡದ, ಯುಗಯುಗಗಳ ಸಾಕ್ಷಿಯಾದ ಬೆಟ್ಟಗಳೇ!"

ಬೆಟ್ಟ ಒಂದು ಪುಟ ಇತ್ತು. ಹದ್ದುಗಳು ಬಂದು ಹೋದವು. ನಾನು ಸಂಪಾದಕರ ಖಾಲಿ ಬಟ್ಟಲನ್ನು ಕೈಗೆ ತೆಗೆದುಕೊಂಡೆ.

"ತಾಯಿ ತೀರಿಕೊಂಡ ದಿನ ಅವಳ ಮೇಲಂಗಿಗೆ ಚುಚ್ಚಿಟ್ಟಿದ್ದ ಬಂಗಾರದ ಸೂಜಿಯಲ್ಲಿ ಒಂದು ಗೇಣು ಕೆಂಪು ದಾರ ಇನ್ನೂ ಉಳಿದಿತ್ತು."

ಬಂಗಾರದ್ದಲ್ಲ. ನರೀನ್ ಸಂತೆಯ ಕಬ್ಬಿಣದ ಸೂಜಿ, ತುದಿ ಸ್ವಲ್ಪ ಸೊಟ್ಟಗಾಗಿತ್ತು. ಉಳಿದ ಪ್ರತಿ ಅಕ್ಷರವೂ ನನ್ನದು. ಬಟ್ಟಲು ಹಿಡಿದ ಕೈ ಅಲ್ಲೇ ನಿಂತಿತು.

ಸಂಪಾದಕರು ಕೈ ಎತ್ತಿದರು. "ಒಂದ್ನಿಮಿಷ ಆಗಾಯ್. ಬೆಟ್ಟ ಬಹಳ ಚೆನ್ನಾಗಿ ಬಂದಿದೆ. ಆದ್ರೆ ಈ ಸೂಜಿ... ತಾಯಿ ಸತ್ತಿರುವಾಗ ಯಾರಾದ್ರೂ ಸೂಜಿ ನೋಡ್ತಾರಾ? ಅನುಭವಿಸಿ ಬರೆದ ಹಾಗಿಲ್ಲ."

"ಅದು ಸಂಕೇತ," ಎಂದರು ಆಗಾಯ್ ತಕ್ಷಣ. "ದಾರ ಅಂದ್ರೆ ನಮ್ಮ ಜನಾಂಗ."

"ಗೇಣು?"

ಆಗಾಯ್ ಯೋಚಿಸಿದರು. "ಗೇಣು ಅಂದ್ರೆ ಇತಿಹಾಸ."

"ಹಾಗಾದ್ರೆ ಒಂದು ಮಾರು ಮಾಡಿ. ಇತಿಹಾಸಕ್ಕೆ ಗೇಣು ಸಾಲಲ್ಲ."

ಆಗಾಯ್ ಅಂಚಿನಲ್ಲಿ ಗುರುತು ಹಾಕಿಕೊಂಡರು.

"ಕೆಂಪು ಇರ್ಲಿ ಅಲ್ವಾ?" ಎಂದರು ಸಾಬಿರಾ ಏಜೆ ಆತಂಕದಿಂದ. "ನಮ್ಮ ದೇಶದ ಬಾವುಟಾನೂ ಕೆಂಪೇ."

"ಕೆಂಪು ಇರ್ಲಿ," ಎಂದು ಸಂಪಾದಕರು ಒಪ್ಪಿಗೆ ಕೊಟ್ಟರು.

ಆಗಾಯ್ ಮುಂದುವರಿಸಿದರು. ಹೆಂಗಸರು ಅಮ್ಮನ ಮೈ ತೊಳೆಯಲು ಬಂದದ್ದು, ಮೇಲಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟದ್ದು, ನಲವತ್ತು ದಿನ ಕಳೆದ ಮೇಲೆ ಅದೇ ಸೂಜಿ ತೆಗೆದು ಅಮ್ಮ ಅರ್ಧಕ್ಕೆ ಬಿಟ್ಟ ಹಾಸಿನ ಅಂಚನ್ನು ಹೊಲಿಯಲು ಕೂತದ್ದು. ಅಂಚಿನ ಬಣ್ಣದ ಬಗ್ಗೆ ಅಮ್ಮ ಹೇಳಿದ್ದ ಮಾತೂ ಬಂತು. ನಾನು ಮರೆತಿದ್ದ ಇನ್ನರ್ಧ ಆಗಾಯ್ ಬಾಯಲ್ಲಿ ಸಿಕ್ಕಿತು. ಅವಳು ಅಂದಿದ್ದು, "ಕಪ್ಪಿನ ಪಕ್ಕ ಕಪ್ಪೇ ಹಾಕ್ಬೇಡ, ಕಣ್ಣಿಗೆ ದಾರಿ ಬಿಡು," ಅಂತ. ಆಗಾಯ್ ಅದನ್ನು ಒಬ್ಬ ಮುದುಕ ಕುರುಬನ ಬಾಯಿಗೆ ಹಾಕಿದ್ದರು. ಕುರುಬ ಹಾಡುತ್ತಿದ್ದ.

ಕಥೆ ಮುಗಿಯುತ್ತ ಬಂತು. ನಾನು ಬಟ್ಟಲನ್ನು ಸಮೋವಾರಿನ ಕೆಳಗಿಟ್ಟು ಕೊಳಾಯಿ ತಿರುಗಿಸಿದೆ. ನನ್ನ ಕೊನೆಯ ಸಾಲು ಬರುವುದಿತ್ತು. ಮೂರು ವಾರ ಕಷ್ಟಪಟ್ಟು ಬರೆದ ಸಾಲು: ತಾಯಿ ಎಂದರೆ ದಾರ, ಮಕ್ಕಳೆಂದರೆ ಹೊಲಿಗೆ, ಬದುಕೆಂದರೆ ಎಂದೂ ಮುಗಿಯದ ಹಾಸು. ಇಡೀ ನೋಟ್‌ಬುಕ್ಕಿನಲ್ಲಿ ನನಗೆ ತುಂಬ ಹೆಮ್ಮೆ ಇದ್ದದ್ದು ಅದರ ಮೇಲೆಯೇ.

"ಇನ್ನೆರಡು ಹೊಲಿಗೆ ಬಾಕಿ ಇರುವಾಗ ದಾರ ಮುಗಿಯಿತು," ಎಂದು ಓದಿ, ಆಗಾಯ್ ಹಾಳೆ ಮಡಿಚಿದರು.

ನಾನು ಕಾದೆ. ಸಾಲು ಬರಲಿಲ್ಲ. ಆಮೇಲೆ ಹೊಳೆಯಿತು, ಅದು ಹನ್ನೆರಡನೇ ಪುಟದಲ್ಲಿತ್ತು. ನಕಲು ಮಾಡಿಕೊಳ್ಳುವಾಗ ಆಗಾಯ್ ಹಾಳೆ ತಿರುಗಿಸಿಯೇ ಇರಲಿಲ್ಲ.

ಸಾಬಿರಾ ಏಜೆ ತಲೆವಸ್ತ್ರದ ತುದಿಯಿಂದ ಕಣ್ಣು ಒತ್ತಿಕೊಂಡರು. ಕುಬಾನ್ ಬಾಯ್ಕೆ ಬಾಯಿಗೆ ಹಿಡಿದಿದ್ದ ಮೂಳೆಯನ್ನು ಕೆಳಗಿಟ್ಟರು. ಆ ಎರಡು ಹೊಲಿಗೆಯ ಜಾಗ ಎಲ್ಲರ ಮುಂದೆ ಖಾಲಿ ಬಿದ್ದಿತ್ತು, ನಾನು ಅದರ ಮೇಲೆ ಇಡೀ ಒಂದು ಸಾಲು ಮುಚ್ಚಿದ್ದೆ. ಅದಿಲ್ಲದಿದ್ದರೇ ಚೆನ್ನಾಗಿತ್ತು. ಒಂದೂವರೆ ವರ್ಷ ಗುರುವಾರ ಗುರುವಾರ ಕೂತು ನಾನು ಬರವಣಿಗೆಯ ಬಗ್ಗೆ ಕಲಿತದ್ದು ಅದೊಂದೇ, ಅದನ್ನು ಕಲಿಸಿದ್ದು ಆಗಾಯ್‌ರ ಸೋಮಾರಿತನ.

ಹೆಬ್ಬೆರಳು ಸುಟ್ಟಾಗ ಕೊಳಾಯಿ ನಿಲ್ಲಿಸಿದೆ. ಯೋಚನೆಯಲ್ಲೇ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸಂಪಾದಕರ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಆಗ ನೋಡಿದೆ. ಚಹಾ ಅಂಚು ದಾಟಿ ನನ್ನ ಬೆರಳುಗಳ ಮೇಲಿಂದ ಏಜೆಯ ಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಓಹೋ," ಎಂದರು ಸಂಪಾದಕರು. "ಸೂಜಿ ಬಗ್ಗೆ ಒಂದ್ ಮಾತು ಹೇಳಿದ್ದಕ್ಕೆ ಇಷ್ಟಾ?" ಊಟ ಮುಗಿಯಿತು ಎನ್ನುವಂತೆ ಎರಡೂ ಅಂಗೈಗಳಿಂದ ಮುಖ ಸವರಿಕೊಂಡು ಎದ್ದೇಬಿಟ್ಟರು.

"ಅಯ್ಯೋ! ಏನೇ ಮಾಡ್ದೆ ಕಾನಿಶಾಯ್! ನಿನ್ನ ಕೈ ಬಿದ್ದೋಗ!" ಸಾಬಿರಾ ಏಜೆ ಕಿರುಚಿದರು.

"ಅವಳಿಗೇನೂ ಗೊತ್ತಾಗಲ್ಲ ಸ್ವಾಮಿ, ಎಂಟನೇ ಕ್ಲಾಸು," ಎನ್ನುತ್ತ ಆಗಾಯ್ ಹಿಂದೆಯೇ ಓಡಿದರು.

"ಸುರಿಯೋ ಹುಡುಗಿ ತಾನಾಗೇ ತುಂಬಿಸ್ತಾಳಾ ಆಗಾಯ್? ನೀವು ನೀವು ಮಾತಾಡ್ಕೊಂಡಿರ್ತೀರಿ."

ಕುಬಾನ್ ಬಾಯ್ಕೆ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು ಗಟಗಟ ಕುಡಿದು, ಸುಟ್ಟ ನಾಲಿಗೆಯಲ್ಲಿ ಕೂಗಿದರು. "ನೋಡಿ, ನೋಡಿ! ಈಗ ಅರ್ಧಾನೇ ಇರೋದು! ಬನ್ನಿ, ಕೂತ್ಕೊಳ್ಳಿ!"

ಸಂಪಾದಕರು ಬಾಗಿಲ ಬಳಿ ಒಂದು ಬೂಟು ಹಾಕಿಕೊಂಡಿದ್ದರು. ಇನ್ನೊಂದು ಆಗಾಯ್ ಕೈಯಲ್ಲಿತ್ತು. ಕೊಡದೆ ಎದೆಗೆ ಅವಚಿಕೊಂಡಿದ್ದರು.

"ಮತ್ತೆ ನನ್ನ ಕಥೆ..."

"ಇನ್ನೂ ಹಸಿ ಇದೆ ಆಗಾಯ್. ಒಣಗ್ಲಿ," ಎಂದು ಸಂಪಾದಕರು ಬೂಟಿಗೆ ಕೈ ಚಾಚಿದರು.

ಆಗಾಯ್ ಮುಖ ನೋಡಲಾಗಲಿಲ್ಲ. ಮೂವತ್ತೊಂದು ವರ್ಷ ಕಾದವರು. ನನಗೆ ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ. ಕಣ್ಣು ಪಕ್ಕಕ್ಕೆ ಹೊರಳಿಸಿದೆ. ಅಲ್ಲಿ ಅವರ ಚೀಲ ಬಾಯಿ ತೆರೆದು ಬಿದ್ದಿತ್ತು. ಒಳಗಿಂದ ಹಸಿರು ರಟ್ಟಿನ ಮೂಲೆಯೊಂದು ಇಣುಕುತ್ತಿತ್ತು, ಮಗ್ಗಿಯ ಒಂಬತ್ತರ ಸಾಲು.

"ಬಾಯಿ ಬಿಡೇ!" ಸಾಬಿರಾ ಏಜೆ ನನ್ನ ಭುಜ ಅಲುಗಿಸಿದರು. "ದೊಡ್ಡವರ ಹತ್ರ ಕ್ಷಮೆ ಕೇಳು! ಏನಾದ್ರೂ ಹೇಳು!"

ನಾಲ್ಕೂ ಜನ ನನ್ನ ಕಡೆ ತಿರುಗಿದರು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಸುಟ್ಟ ಬೆರಳನ್ನು ಲಂಗದ ಮಡಿಕೆಯಲ್ಲಿ ಒತ್ತಿ ಹಿಡಿದೆ.

"ಆಗಾಯ್, ನನ್ನ ನೋಟ್‌ಬುಕ್ ಕೊಡಿ," ಎಂದೆ. "ಕೊನೇ ಸಾಲು ಹೊಡೆದುಹಾಕ್ಬೇಕು."

ಸಂಪಾದಕರು ಒಂದು ಕಾಲಿನ ಮೇಲೆಯೇ ನಿಂತಿದ್ದರು. ಏಜೆಯ ಕೈ ನನ್ನ ಭುಜದಿಂದ ಜಾರಿತು. ಕುಬಾನ್ ಬಾಯ್ಕೆ ಖಾಲಿ ಬಟ್ಟಲಿನೊಳಗೆ ನೋಡತೊಡಗಿದರು. ಆಗಾಯ್ ಬೂಟಿನ ದಾರವನ್ನು ಒಂದು ಕಡೆಯಿಂದ ಬಿಚ್ಚಿ ಮತ್ತೆ ಪೋಣಿಸುತ್ತಿದ್ದರು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ನನ್ನ ನೋಟ್‌ಬುಕ್ ಕೊಡಿ, ಆಗಾಯ್."