ಹನ್ನೊಂದು ಮಂದಿಯ ಕುಬಸ

ತಾರ್ನಾಕದ ಸ್ಫೂರ್ತಿ ಮಹಿಳಾ ಕ್ಲಬ್ಬಿನವರ ಸೇವೆಯನ್ನು ತಾಳಿಕೊಳ್ಳಬೇಕಾದರೆ ಸೇವೆ ಮಾಡಿಸಿಕೊಳ್ಳುವವರು ಮೊದಲೇ ಗಟ್ಟಿಮುಟ್ಟಾಗಿರಬೇಕು ಎಂದು ಗುರುದೇವಿ ಹೇಳುತ್ತಿದ್ದಳು. ಹೇಳುತ್ತಿದ್ದದ್ದು ಮನೆಯಲ್ಲಿ, ಗಂಡ ಗುರುಶಾಂತನ ಮುಂದೆ. ಕ್ಲಬ್ಬಿನಲ್ಲಿ ಅವಳು ಜಂಟಿ ಕಾರ್ಯದರ್ಶಿ. ಅಲ್ಲಿ ಅವಳ ಬಾಯಿಂದ ಹೊರಡುತ್ತಿದ್ದದ್ದು "ಹೌದ್ರಿ ಮೇಡಂ" ಒಂದೇ.

ಅವಳ ತಾತ್ಸಾರಕ್ಕೆ ಕಾರಣಗಳ ಬರವೇನೂ ಇರಲಿಲ್ಲ. ವೃದ್ಧಾಶ್ರಮದ ಒಬ್ಬ ಮುದುಕಿ ಫೋಟೋದಲ್ಲಿ ಲಕ್ಷಣವಾಗಿ ಬರುತ್ತಾಳೆಂದು ವರ್ಷಕ್ಕೆ ಮೂರು ಸಲ ಆಕೆಯ ಹುಟ್ಟುಹಬ್ಬ ಮಾಡಿ, ಎಪ್ಪತ್ತೊಂದರ ಜೀವವನ್ನು ಎರಡೇ ವರ್ಷದಲ್ಲಿ ಎಪ್ಪತ್ತೇಳಕ್ಕೆ ಮುಟ್ಟಿಸಿದ್ದರು. ಅನಾಥ ಮಕ್ಕಳಿಗೆಂದು ಹೆಣೆಯಲು ಕೂತ ಸ್ವೆಟರುಗಳು ಮುಗಿದದ್ದು ಏಪ್ರಿಲ್ಲಿನಲ್ಲಿ. ಹೈದರಾಬಾದಿನ ಆ ಬಿಸಿಲಲ್ಲಿ ಮಕ್ಕಳು ಉಣ್ಣೆ ತೊಟ್ಟು ಸಾಲಾಗಿ ನಿಂತು, ದಳದಳ ಬೆವರುತ್ತ ಸ್ವಾಗತ ಗೀತೆ ಹಾಡಿದ್ದವು. "ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ಇವರದು ಅದ ಕಥಿ" ಎಂದು ಗುರುದೇವಿ ಅಂದು ಗಂಡನನ್ನು ನಗಿಸಿದ್ದಳು.

ಕ್ಲಬ್ಬಿನ ಅಧ್ಯಕ್ಷೆ ಗುಣವತಿ ಮೈಸೂರು ಕಡೆಯವರು. ಗಂಡ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಜನರಲ್ ಮ್ಯಾನೇಜರು. ಹಾಗಾಗಿ ಆ ಕಾರ್ಖಾನೆಯ, ಆಸುಪಾಸಿನ ರಕ್ಷಣಾ ಲ್ಯಾಬುಗಳ ಎಲ್ಲ ಕನ್ನಡ ಹೆಂಗಸರಿಗೂ ತಾನೇ ಜನರಲ್ ಮ್ಯಾನೇಜರೆಂದು ಆಕೆ ನಂಬಿದ್ದರು. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ವರ್ಷಗಳವು. ಅವನ್ನು ಕಟ್ಟುತ್ತಿದ್ದವರು ಯಾದಗಿರಿ, ಸುರಪುರ ಕಡೆಯ ಕೂಲಿಗಳು. ಅವರಲ್ಲಿ ಬಸುರಿಯರೂ ಇದ್ದಾರೆಂಬ ಸುದ್ದಿ ಯಾರೋ ತಂದದ್ದೇ ತಡ, ಗುಣವತಿಯ ಕಣ್ಣು ಅರಳಿತು.

"ಸಾಮೂಹಿಕ ಸೀಮಂತ ಮಾಡಿಬಿಡೋಣ ಕಣ್ರೀ. ಹನ್ನೊಂದು ಜನಕ್ಕೆ. ಬೆಸ ಸಂಖ್ಯೆ, ಶುಭ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ. ಫೋಟೋಗೂ ಎಷ್ಟು ಚೆನ್ನಾಗಿರತ್ತೆ! ಗುರುದೇವಿಯವರೇ, ಅವರ ಭಾಷೆ ನಿಮಗೇ ತಾನೇ ಬರೋದು? ನೀವು ಹೋಗಿ ಎಣಿಸ್ಕೊಂಡು ಬನ್ನಿ."

ಅವರ ಭಾಷೆ! ಕಲಬುರಗಿಯಲ್ಲಿ ಹುಟ್ಟಿ ಬೆಳೆದ ಗುರುದೇವಿಗೆ ಮೈಯೆಲ್ಲ ಉರಿಯಿತು. "ಹೌದ್ರಿ ಮೇಡಂ" ಎಂದಳು.

ಈ ಸಲದ ಯೋಜನೆಯಲ್ಲಿ ಒಂದೇ ಒಂದು ಕೆಲಸಕ್ಕೆ ಬರುವ ವಸ್ತುವಿತ್ತು, ಅದೂ ಕ್ಲಬ್ಬಿನದಲ್ಲ. ಮುಖ್ಯ ಅತಿಥಿಯೆಂದು ಗೊತ್ತು ಮಾಡಿದ್ದ ಲಹರಿ ಮೇಡಂ ಒಂದು ಸಾಫ್ಟ್‌ವೇರ್ ಕಂಪನಿಯ ಒಡೆಯನ ಹೆಂಡತಿ. ಆಕೆ ಸೈಟಿನ ಎದುರಿಗೇ ಇದ್ದ ಹೊಸ ನರ್ಸಿಂಗ್ ಹೋಮಿನವರ ಜತೆ ಮಾತಾಡಿ, ಖರ್ಚು ತಮ್ಮ ಕಂಪನಿಯದೆಂದು ಒಪ್ಪಿ, ಹನ್ನೊಂದು ಕಾರ್ಡು ಮಾಡಿಸಿ ಕಳಿಸಿದ್ದರು. ಕಾರ್ಡು ತೋರಿಸಿದವರಿಗೆ ಹೆರಿಗೆ ಪುಕ್ಕಟೆ. ಸಹಿ, ಸಿಕ್ಕಾ ಎಲ್ಲ ಬಿದ್ದ ಕಾರ್ಡುಗಳು. ಕ್ಲಬ್ಬಿಗೆ ಸ್ವಂತ ಕಚೇರಿ ಇಲ್ಲದ್ದರಿಂದ ಅವು ಗುರುದೇವಿಯ ಮನೆಯ ಶೋಕೇಸಿನ ಕೆಳಗಿನ ಖಾನೆಗೆ ಬಂದು ಕೂತವು.

ಯುಗಾದಿ ಮುಗಿದ ವಾರ ಗುರುದೇವಿ ಗಚ್ಚಿಬೌಲಿಯ ತಗಡಿನ ಶೆಡ್ಡುಗಳಿಗೆ ಹೋಗಿ, ಸೀರೆಯ, ಕಾರ್ಡಿನ ಸುದ್ದಿ ಹೇಳಿ ಹನ್ನೊಂದು ಹೆಸರು ಬರೆದುಕೊಂಡಳು. ಉಳಿದವರು ಸೀರೆಯ ಬಣ್ಣ ಕೇಳಿದರು, ಊಟಕ್ಕೆ ಹೋಳಿಗೆ ಇದೆಯೇ ಎಂದು ಕೇಳಿದರು. ಸುಗಲಮ್ಮ ಎಂಬುವಳು ಮಾತ್ರ ಬೇರೆಯದೇ ಕೇಳಿದಳು. ಗಂಡ ಮೌನಪ್ಪ ಗೌಂಡಿ, ಈಕೆ ಅವನ ಕೈಕೆಳಗೆ ಸಿಮೆಂಟು ಹೊರುವವಳು. ಆಗ ಅವಳಿಗೆ ಐದು ತಿಂಗಳು.

"ಅಕ್ಕಾರ, ನನಗ ಸೀರಿ ಬ್ಯಾಡ್ರಿ. ಎರಡು ಕೂಸು ಹೊಟ್ಟ್ಯಾಗ ಬಲತ ಮ್ಯಾಲ ಹೋಗ್ಯಾವ. ಈ ಸಲ ದವಾಖಾನಿ ಬಿಟ್ಟು ಹೊರಗ ಹಡಿಬ್ಯಾಡ ಅಂತ ಊರಾಗ ಡಾಕ್ಟರಮ್ಮ ಹೇಳ್ಯಾಳ. ಆ ಕಾರ್ಡ್ ಒಂದು ನನಗ ಸಿಗ್ತೈತಲ್ರಿ?"

"ಯಾಕ ಸಿಗೂದಿಲ್ಲ? ನನ್ನ ಮ್ಯಾಲ ಬಿಡು" ಎಂದಳು ಗುರುದೇವಿ. ಆ ಗಳಿಗೆಯಲ್ಲಿ ಅವಳು ಅದನ್ನು ಮನಸಾರೆ ಹೇಳಿದ್ದಳು. ಕ್ಲಬ್ಬಿನಲ್ಲಿ ಮನುಷ್ಯತ್ವ ಇರುವುದು ತನಗೊಬ್ಬಳಿಗೇ ಎಂದು ದಾರಿಯುದ್ದಕ್ಕೂ ಅನ್ನಿಸಿತು, ಅದರ ಹೆಮ್ಮೆಯೂ ಆಯಿತು.

ಆಮೇಲೆ ಶುರುವಾಯಿತು ನೋಡಿ ತಾರೀಖಿನ ತಮಾಷೆ. ಏಪ್ರಿಲ್ ಕೊನೆಗೆಂದು ನಿಶ್ಚಯವಾದ ಕಾರ್ಯಕ್ರಮ, ಲಹರಿ ಮೇಡಂ ಅಮೆರಿಕಕ್ಕೆ ಹೋದರೆಂದು ಮೇ ತಿಂಗಳಿಗೆ ಹೋಯಿತು. ಮೇ ತಿಂಗಳಲ್ಲಿ ಅವರು ಅಲ್ಲಿಂದ ಬರಲಿಲ್ಲ. ಜೂನಿನಲ್ಲಿ ಬಂದರು, ಆದರೆ ಯಾವುದೋ ಯೋಗ ಶಿಬಿರಕ್ಕೆ ಹತ್ತು ದಿನ ಮೌನದಲ್ಲಿ ಕೂತರು. ಮೌನ ಮುಗಿಯುವಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಶುಭಕಾರ್ಯ ಕೂಡದೆಂದು ಗುಣವತಿಯೇ ತಡೆದರು. ಬಸುರಿಗೆ ಮಾಡುವ ಕುಬಸವನ್ನು ಮುಖ್ಯ ಅತಿಥಿಯ ಬಿಡುವು ನೋಡಿ ಮುಂದೂಡಿದ ಜನ ಪ್ರಪಂಚದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಮುಂದೂಡಲು ಅದೇನು ಉಪ್ಪಿನಕಾಯಿ ಹಾಕುವ ಕೆಲಸವೇ? ಹೊಟ್ಟೆಯೊಳಗಿನ ಕೂಸುಗಳಿಗೆ ಲಹರಿ ಮೇಡಂ ಅವರ ಡೈರಿ ಗೊತ್ತಿರಲಿಲ್ಲ. ಅವು ತಮ್ಮ ಪಾಡಿಗೆ ತಾವು ಬರತೊಡಗಿದವು. ಶೆಡ್ಡಿನಲ್ಲೇ, ಸೂಲಗಿತ್ತಿಯ ಕೈಯಲ್ಲಿ, ಒಂದು, ಎರಡು, ಐದು. ಪ್ರತಿ ಸುದ್ದಿಯನ್ನೂ ಗುರುದೇವಿ ಮನೆಗೆ ತಂದು, ಗುಣವತಿಯ ಧ್ವನಿಯಲ್ಲಿ "ಅಯ್ಯೋ, ಇನ್ನೊಂದು ಹೋಯ್ತೇನ್ರೀ?" ಎಂದು ಅಣಕಿಸುತ್ತಿದ್ದಳು. ಗುರುಶಾಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕೊನೆಗೆ ಶ್ರಾವಣದ ಎರಡನೆಯ ಶುಕ್ರವಾರ ಗಟ್ಟಿಯಾಯಿತು. ಅದಕ್ಕೆ ಎಂಟು ದಿನ ಇದ್ದಾಗ ಸುಗಲಮ್ಮ ತಾರ್ನಾಕಕ್ಕೆ ಬಂದಳು. ತುಂಬಿದ ಹೊಟ್ಟೆ ಹೊತ್ತು, ಎರಡು ಬಸ್ಸು ಬದಲಿಸಿ, ವಿಳಾಸದ ಚೀಟಿಯನ್ನು ಕಂಡಕಂಡವರಿಗೆ ತೋರಿಸುತ್ತ ಬಂದಿದ್ದಳು. ಕಾಲು ಬಾತು ಚಪ್ಪಲಿಯೊಳಗೆ ಹಿಡಿಸದೆ, ಚಪ್ಪಲಿ ಕೈಯಲ್ಲಿತ್ತು.

"ಒಂಬತ್ತು ತುಂಬ್ಯಾವ್ರಿ ಅಕ್ಕಾರ. ಇವತ್ತೋ ನಾಳಿಗೋ ಅನ್ನೂ ಹಂಗಾಗೈತಿ. ಕುಬಸ ಆದಾಗ ಆಗಲ್ರಿ, ಕಾರ್ಡ್ ಮೊದಲ ಕೊಡ್ರಿ. ಎದುರಿಗೆ ಐತಿ ದವಾಖಾನಿ, ಕಾರ್ಡ್ ಇಲ್ಲದ ಗೇಟಿನ ಒಳಗ ಬಿಡವಲ್ರು."

ಗುರುದೇವಿ ಅವಳನ್ನು ವರಾಂಡದಲ್ಲಿ ಕೂರಿಸಿ ಚಹಾ ಕೊಟ್ಟಳು, ಬಿಸ್ಕೀಟೂ ಕೊಟ್ಟಳು. ಒಳಗೆ ಹೋಗಿ ಗುಣವತಿಗೆ ಫೋನು ಮಾಡಿದಳು.

"ಒಂದು ಮಾತ್ರ ಈಗಲೇ ಕೊಡೋದಾ? ಚೆನ್ನಾಗಿ ಹೇಳಿದ್ರಿ!" ಎಂದರು ಗುಣವತಿ. "ಲಹರಿ ಮೇಡಂ ಕೈಯಿಂದಾನೇ ಕೊಡಿಸ್ಬೇಕು ಅಂತ ಅಲ್ವಾ ಇಷ್ಟು ದಿನ ಕಾದಿದ್ದು? ಬೆಳ್ಳಿ ತಟ್ಟೇಲಿ ಹನ್ನೊಂದು ಕಾರ್ಡ್ ಜೋಡಿಸ್ಬೇಕು ಅಂತಿದೀನಿ. ಒಂದು ಕಮ್ಮಿ ಆದ್ರೆ ಹತ್ತಾಗತ್ತೆ. ಎಂಟು ದಿನ ತಾನೆ, ತಡ್ಕೊಳ್ಳೋಕೆ ಹೇಳಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಆದರೆ ಪೂಜಾರಿ ಇದ್ದದ್ದು ಫೋನಿನ ಆ ತುದಿಯಲ್ಲಿ. ಕಾರ್ಡು ಇದ್ದದ್ದು ಈ ತುದಿಯಲ್ಲಿ, ಗುರುದೇವಿ ನಿಂತಲ್ಲಿಂದ ನಾಲ್ಕು ಮಾರು ದೂರದ ಖಾನೆಯಲ್ಲಿ. ಬಗ್ಗಿ ಎಳೆದಿದ್ದರೆ ಮುಗಿಯುತ್ತಿತ್ತು. ಅವಳು ಖಾನೆಯ ಕಡೆ ನೋಡಿದಳು ಕೂಡ. ಮುಂದಿನ ವರ್ಷ ಕಾರ್ಯದರ್ಶಿ ಆಗುವುದಿತ್ತು. ಜನರಲ್ ಮ್ಯಾನೇಜರ ಹೆಂಡತಿಯ ಬಾಯಿಗೆ ಬೀಳುವುದು ಯಾರಿಗೆ ಬೇಕು?

ಹೊರಗೆ ಬಂದು, "ಕಾರ್ಡ್ ಅಧ್ಯಕ್ಷರ ಕಡೆ ಅದಾವ ತಂಗಿ. ಶುಕ್ರವಾರ ಅವರ ಕೈಲೆ ಕೊಡ್ತಾರಂತ. ಇನ್ನ ಎಂಟ ದಿನ, ತಡಕೋ" ಎಂದಳು.

ಸುಗಲಮ್ಮ ಚಹಾದ ಲೋಟವನ್ನು ತಾನೇ ತೊಳೆದಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಹೋದಳು. ಸಂಜೆ ಗುರುದೇವಿ ಬೆಳ್ಳಿ ತಟ್ಟೆಯ ಪ್ರಸಂಗವನ್ನು ಗಂಡನ ಮುಂದೆ ಅಭಿನಯಿಸಿದಳು. ಗುರುಶಾಂತ ನಕ್ಕು ಮುಗಿಸಿ ಕೇಳಿದ, "ಮತ್ತ ಆಕಿಗೆ ಕಾರ್ಡ್ ಕೊಟ್ಟಿ ಹೌದಲ್ಲೊ?"

"ನಾ ಹ್ಯಾಂಗ ಕೊಡ್ಲಿ? ಅಧ್ಯಕ್ಷರು ಅಕಿ."

ಆ ಶುಕ್ರವಾರ ಸೈಟಿನ ಮೂಲೆಯಲ್ಲಿ ಶಾಮಿಯಾನ ಹಾಕಿ, "೧೧ ಗರ್ಭಿಣಿಯರಿಗೆ ಸೀಮಂತ" ಎಂಬ ಬ್ಯಾನರು ಕಟ್ಟಿದ್ದರು. ಬ್ಯಾನರು ಏಪ್ರಿಲ್ಲಿನದು, ತಾರೀಖಿನ ಮೇಲೆ ಮೂರು ಸಲ ಕಾಗದ ಅಂಟಿಸಿದ್ದರು. ಅದರ ಕೆಳಗೆ ಹನ್ನೊಂದು ಕುರ್ಚಿ. ಸೇರಿದ ಬಸುರಿಯರು ನಾಲ್ವರು! ಉಳಿದವರ ಕಂಕುಳಲ್ಲಿ ಕೂಸುಗಳಿದ್ದವು. ಗುಣವತಿ ಬೆವರೊರೆಸಿಕೊಳ್ಳುತ್ತ, "ಮಕ್ಕಳನ್ನ ಯಾರಾದ್ರೂ ಹಿಂದ್ಗಡೆ ಕರ್ಕೊಂಡು ಹೋಗಿ, ಕ್ಯಾಮೆರಾಗೆ ಕಾಣಬಾರ್ದು" ಎಂದು ಓಡಾಡಿದರು. ಕುರ್ಚಿ ತುಂಬಿಸುವ ಹೊಣೆ ಮೇಸ್ತ್ರಿ ಬೂದೆಪ್ಪನಿಗೆ ಬಿತ್ತು. ಅವನು ಶೆಡ್ಡುಗಳಿಗೆ ಹೋಗಿ ಪಟ್ಟಿಯಲ್ಲಿ ಹೆಸರಿದ್ದವರನ್ನೆಲ್ಲ ಎಬ್ಬಿಸಿ ತಂದ. ಹಿಂದೆ ಅಳುವ ಕೂಸುಗಳು, ಮುಂದೆ ಹಾಲು ಸೋರಿ ರವಿಕೆ ತೊಯ್ದ ತಾಯಂದಿರು, ನಡುವೆ ಲಹರಿ ಮೇಡಂಗೆ ಗುಲಾಬಿ ಹಾರ. ಗುರುದೇವಿಗೆ ಒಳಗೊಳಗೇ ನಗು ಉಕ್ಕುತ್ತಿತ್ತು. ಇದನ್ನು ಹೇಗೆ ಶುರು ಮಾಡಿ ಹೇಗೆ ಹೇಳುವುದೆಂದು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಅವಳು ಸಾಲಿನ ಉದ್ದಕ್ಕೂ ಉಡಿ ತುಂಬುತ್ತ ಬಂದಳು.

ಕೊನೆಯ ಕುರ್ಚಿಯಲ್ಲಿ ಸುಗಲಮ್ಮ ಕೂತಿದ್ದಳು. ಹೊಟ್ಟೆ ಇರಲಿಲ್ಲ. ಹಿಂದೆ, ಕೂಸುಗಳ ಗುಂಪಿನಲ್ಲಿ ಅವಳದೆನ್ನುವ ಕೂಸೂ ಇರಲಿಲ್ಲ.

ಗುರುದೇವಿ ಬೂದೆಪ್ಪನ ಕಡೆ ತಿರುಗಿದಳು. ಅವನು ಧ್ವನಿ ತಗ್ಗಿಸಿ ಹೇಳಿದ. "ಸೋಮವಾರ ಬ್ಯಾನಿ ಬಂದ್ವು ಬಾಯಾರ. ಎದುರಿನ ದವಾಖಾನ್ಯಾಗ ಕಾರ್ಡ್ ಕೇಳಿದ್ರು. ಆಟೋದಾಗ ಕೋಠಿ ಸರಕಾರಿ ದವಾಖಾನಿಗೆ ಒಯ್ಯಾಕ ಹೋದ್ವಿ. ಆ ಟ್ರಾಫಿಕ್ಕಿನಾಗ ಅರ್ಧ ದಾರ್ಯಾಗ ಹಡದ್ಲು. ಗಂಡುಕೂಸು. ಉಳೀಲಿಲ್ಲ. ನಾ ಏನ್ ಮಾಡ್ಲಿ, ಪಟ್ಟಿದಾಗ ಹೆಸರಿತ್ತು, ಒಂದು ಕುರ್ಚಿ ಖಾಲಿ ಬಿದ್ದಿತ್ತು."

ಗುರುದೇವಿ ಗುಣವತಿಯ ಕಿವಿಯಲ್ಲಿ ಅದನ್ನು ಹೇಳಿದಳು. ಗುಣವತಿಯ ಮುಖ ಒಂದು ಕ್ಷಣ ನಿಜವಾಗಿಯೂ ಸಪ್ಪಗಾಯಿತು. "ಅಯ್ಯೋ ಪಾಪ... ಆದ್ರೆ ಈಗ ಎಬ್ಬಿಸಿದ್ರೆ ಹತ್ತಾಗತ್ತಲ್ರೀ. ಸರಿಸಂಖ್ಯೆ ಅಶುಭ, ಉಳಿದವರಿಗೆ ಒಳ್ಳೇದಲ್ಲ. ಬೇಗ ತುಂಬಿಬಿಡಿ, ಲಹರಿ ಮೇಡಂ ನೋಡ್ತಿದಾರೆ."

ಕೂಸು ಸತ್ತು ನಾಲ್ಕು ದಿನವಾಗದವಳಿಗೆ ಕುಬಸದ ಉಡಿ! ಇಂಥದನ್ನು ಗುರುದೇವಿಯ ಅವ್ವ ಕಂಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಗುರುದೇವಿ ಅಕ್ಕಿ ತೆಗೆದುಕೊಂಡಳು. ಒಂದು ಬೊಗಸೆ, ಎರಡು, ಐದು. ಸುಗಲಮ್ಮ ಸೆರಗು ಒಡ್ಡಿಕೊಂಡು ಕೂತಿದ್ದಳು. ಲಹರಿ ಮೇಡಂ ಬೆಳ್ಳಿ ತಟ್ಟೆಯಿಂದ ಕೊನೆಯ ಕಾರ್ಡು ತೆಗೆದು ನಗುನಗುತ್ತ ಅವಳ ಕೈಗಿತ್ತರು. ಫೋಟೋ ತೆಗೆದರು.

ಸುಗಲಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗುರುದೇವಿಯನ್ನು ಮೆಲ್ಲಗೆ ಕೇಳಿದಳು.

"ಇದು ಇಷ್ಟು ದಿನ ಎಲ್ಲಿತ್ರಿ ಅಕ್ಕಾರ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖದೆದುರು ಅದು ಹೊರಡಲಿಲ್ಲ. "ನಮ್ಮ ಮನಿಯಾಗ" ಎಂದಳು ಗುರುದೇವಿ.

"ನಾ ಚಾ ಕುಡದು ಹೋದ ದಿನಾನೂ?"

"ಹೂಂ."

ಸುಗಲಮ್ಮ ಎದ್ದು ನಿಂತಳು. ಎಡಗೈಯಿಂದ ಗುರುದೇವಿಯ ರೇಷ್ಮೆ ಸೆರಗನ್ನು ಎಳೆದು ಹಿಡಿದು, ತನ್ನ ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ, ಕಾರ್ಡು ಎಲ್ಲವನ್ನೂ ಅದರೊಳಗೆ ಸುರಿದಳು. ಒಂದು ಕಾಳೂ ನೆಲಕ್ಕೆ ಬೀಳದ ಹಾಗೆ ಸೆರಗಿನ ಅಂಚನ್ನು ಗುರುದೇವಿಯ ಕೈಗೇ ಕೊಟ್ಟು, ಯಾರ ಕಡೆಯೂ ನೋಡದೆ ಶೆಡ್ಡಿನ ದಾರಿ ಹಿಡಿದಳು.

ಲಹರಿ ಮೇಡಂ ಕುತೂಹಲದಿಂದ, "ಇದೇನು, ಇದೂ ಶಾಸ್ತ್ರದ ಭಾಗಾನಾ?" ಎಂದು ಕೇಳಿದರು.

"ಹೌದು ಮೇಡಂ," ಎಂದರು ಗುಣವತಿ ತಟ್ಟನೆ. "ಇದು ಅವರ ಕಡೆ ಸಂಪ್ರದಾಯ. ಕೊನೆಯವಳು ವಾಪಸ್ ಕೊಡ್ತಾಳೆ. ಅಲ್ವೇನ್ರೀ ಗುರುದೇವಿಯವರೇ?"

ಅಂಥ ಸಂಪ್ರದಾಯ ಯಾವ ಕಡೆಯೂ ಇಲ್ಲವೆಂದು ಹೇಳಬಲ್ಲವಳು ಕ್ಲಬ್ಬಿನವರಲ್ಲಿ ಗುರುದೇವಿ ಒಬ್ಬಳೇ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹೌದ್ರಿ ಮೇಡಂ" ಎಂದಳು ಗುರುದೇವಿ, ಮತ್ತು ಎಲ್ಲರೂ ಚಪ್ಪಾಳೆ ತಟ್ಟಿದರು.