ಮೂರನೆಯ ಸಲ

ಬಸ್ಸಿನಿಂದಿಳಿದ ತೂರಾನ್ ತೋಟದ ಹೆಬ್ಬಾಗಿಲ ಮುಂದೆ ನಿಂತು ಚಾದರವನ್ನು ಬಿಗಿಯಾಗಿ ಹೊದ್ದುಕೊಂಡಳು. ಇರಾನಿನ ಕೆರ್ಮಾನ್ ಮರುಭೂಮಿಯ ಚಳಿಗಾಲಕ್ಕೆ ದಯೆ ದಾಕ್ಷಿಣ್ಯವಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಮೈಗೆ ಮಾತ್ರ ತಾಗುವುದಿಲ್ಲ. ಆದರೆ ಅವಳು ನಡುಗಿದ್ದು ಸಿಟ್ಟಿಗೆ. ತಾನು ಹುಟ್ಟಿ ಬೆಳೆದ ತೋಟಕ್ಕೇ ಟಿಕೆಟ್ ಕೊಂಡು ಹೋಗಬೇಕಲ್ಲ!

ಜಮೀನ್ದಾರರ ಆ ಹಳೆಯ ಬಂಗಲೆ, ತೋಟ ಎಲ್ಲ ಈಗ ಸಾರ್ವಜನಿಕರದ್ದು. ತೂರಾನಳ ಅಪ್ಪ ಸಾಯುವ ತನಕ ಅದನ್ನು ನೋಡಿಕೊಳ್ಳುತ್ತ ಬೀಗದ ಕೈ ಇಟ್ಟುಕೊಂಡಿದ್ದವನು. ಅವನ ನಂತರ ಅದು ತನಗೇ ಎಂದು ಅವಳು ನಂಬಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಕಳೆದ ವಸಂತದಲ್ಲಿ ತೋಟದ ಸಮಿತಿಯ ಹಿರಿಯರು ಎಲ್ಲರೆದುರು ಅವಳ ಕಡೆಗೇ ಬೀಗದ ಕೈ ಚಾಚಿದ್ದರು. ಕೊಟ್ಟ ಕೂಡಲೇ ಬಾಚಿಕೊಳ್ಳುವುದು ಆ ಕಡೆ ನಾಚಿಕೆಗೇಡು. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ತಲೆಬಾಗಿ ತೆಗೆದುಕೊಳ್ಳಬೇಕು. ಇದು ಹಸುಗೂಸಿಗೂ ಗೊತ್ತು. "ಬದ್ರಿ ಇರೋವಾಗ ನಾನ್ಯಾಕೆ?" ಅಂದಳು. ಮತ್ತೆ ಕೇಳಿದಾಗ, "ಅಯ್ಯೋ, ಅವಳೇ ನನಗಿಂತ ವಾಸಿ" ಅಂದಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳತಿ ಬದ್ರಿ ಆಗ "ಛೇ, ಅವಳಿಗೇ ಕೊಡಿ" ಅನ್ನಬೇಕಿತ್ತು. ಅನ್ನಲಿಲ್ಲ. "ತೂರಾನ್ ಮಾತು ನಾನು ಹೇಗೆ ಮೀರ್ಲಿ?" ಎಂದು ಕೈ ನೀಡಿಯೇಬಿಟ್ಟಳು. ಮೂರನೆಯ ಸಲ ಯಾರೂ ಕೇಳಲಿಲ್ಲ.

ಪಾಪ, ನಿಜವೆಂದೇ ನಂಬಿದಳೇನೋ. ತೂರಾನ್ ಇಷ್ಟು ದಿನ ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಇವತ್ತು ಬಂದದ್ದೂ ಅದನ್ನು ಬದ್ರಿಯ ಬಾಯಿಂದ ಕೇಳಿಹೋಗಲು.

"ಬಾರೇ, ನಿನ್ನ ಹೆಜ್ಜೆ ನನ್ನ ಕಣ್ಮೇಲಿರ್ಲಿ!" ಬಾಗಿಲಲ್ಲಿ ಬದ್ರಿ ಅಪ್ಪಿಕೊಂಡಳು. ಸೊಂಟದಲ್ಲಿ ಬೀಗದ ಕೈಗಳು ಗಿಲಗಿಲ ಅಂದವು. "ನಿಂಗೆಂಥ ಟಿಕೆಟ್ಟು? ನೀನು ಮನೆಯೋಳು."

ಟೆಹರಾನಿನಿಂದ ಬಂದಿದ್ದ ಪ್ರವಾಸಿಗರ ಹಿಂದೆ ತೂರಾನ್ ನಡೆದಳು. ದಾಳಿಂಬೆ ಗಿಡಗಳಿಗೆ ಹುಲ್ಲು ಸುತ್ತಿತ್ತು. ಕಾಲುವೆಯ ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ದೊಡ್ಡ ಸರ್ವೆ ಮರದ ಬಳಿ ಬದ್ರಿ ನಿಂತು ಹೇಳತೊಡಗಿದಳು. "ಒಂದು ವರ್ಷ ಹಿಮಕ್ಕೆ ತೋಟನೇ ಸತ್ತುಹೋಗೋದ್ರಲ್ಲಿತ್ತು. ನಮ್ಮಪ್ಪ ಸುತ್ತ ಬೆಂಕಿ ಹಾಕ್ಕೊಂಡು ಇಲ್ಲೇ ಕೂತು ಈ ಮರ ಉಳಿಸ್ಕೊಂಡ."

ಬೆಂಕಿ ಹಾಕಿದವನು ತೂರಾನಳ ಅಪ್ಪ. ಅವತ್ತು ಸುಟ್ಟ ಅವನ ಹುಬ್ಬು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ. ಬದ್ರಿಯ ಅಪ್ಪ ಆಗ ದೂರದ ಯಜ್ದ್ ಪಟ್ಟಣದಲ್ಲಿ ಲಾರಿ ಓಡಿಸುತ್ತಿದ್ದ. ಬೀಗದ ಕೈ ಸಾಲದೆಂದು ಅಪ್ಪನನ್ನೂ ಎತ್ತಿಕೊಂಡಳಲ್ಲ ಮಹಾತಾಯಿ!

ಪ್ರವಾಸಿಗರು ಫೋಟೋ ತೆಗೆಯಲು ಚದುರಿದರು. ಚಹಾದ ಕೋಣೆಯಲ್ಲಿ ಇಬ್ಬರೇ ಉಳಿದರು.

"ಅದು ನಮ್ಮಪ್ಪ ಕಣೇ."

"ಜನಕ್ಕೆ ಕತೆ ಬೇಕು ಮಾರಾಯ್ತಿ. ಯಾರಪ್ಪ ಆದ್ರೇನು?"

"ಅವತ್ತು ನಾನು ಬೇಡ ಅಂದಿದ್ದು ಬರೀ ಮರ್ಯಾದೆಗೆ. ನಿಂಗೆ ಗೊತ್ತಾಗ್ಲಿಲ್ಲ, ಅಲ್ವಾ?" ಹೌದು ಅನ್ನಲಿ, ಒಂದು ಸುಳ್ಳಾದರೂ ಹೇಳಲಿ ಎಂದು ತೂರಾನ್ ಒಳಗೊಳಗೇ ಬೇಡಿಕೊಂಡಳು.

ಬದ್ರಿ ಚಹಾ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ಮೂರನೇ ಸಲ ಕೇಳಿದ್ರೆ ನೀನು ಹೂಂ ಅಂತಿದ್ದೆ. ಅದಕ್ಕೇ ಬೇಗ ಕೈ ಚಾಚಿದೆ."

"ಬಾಯ್ಬಿಟ್ಟು ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ."

ಬದ್ರಿಗೆ ಏನನ್ನಿಸಿತೋ, ಬಿಡಿಸಿಟ್ಟ ದಾಳಿಂಬೆಯ ಬಟ್ಟಲನ್ನು ಮುಂದೆ ತಳ್ಳಿದಳು. "ತಗೋ. ನಿಮ್ಮಪ್ಪ ನೆಟ್ಟ ಗಿಡದ್ದು."

"ಬೇಡ."

"ತಗೊಳ್ಳೇ, ನನ್ನಾಣೆ."

"ಬೇಡ."

ಬದ್ರಿ ನಕ್ಕಳು. ಎರಡು ಸಲ ಆಯಿತಲ್ಲ, ಇನ್ನು ಒಪ್ಪುತ್ತಾಳೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ನಮ್ಮಿಬ್ರ ಮಧ್ಯೆ ಎಂಥದ್ದು? ತಗೋ, ತೂರಾನ್."

"ಬೇಡ," ಎಂದಳು ತೂರಾನ್ ಮೂರನೆಯ ಸಲವೂ. ಚಾದರ ಸರಿಮಾಡಿಕೊಂಡು ಎದ್ದಳು. ಬಟ್ಟಲು ಹಿಡಿದ ಬದ್ರಿಯ ಕೈ ಎತ್ತಿದ್ದಲ್ಲೇ ಇತ್ತು.