ಮಾಳಿಗೆ ಮೇಲಿನ ಹಲ್ಲು

ಟಗರು ಗುದ್ದಿದ್ದು ಒಂದೇ ಸಲ. ಮೇವು ಹಾಕಲು ಬಗ್ಗಿದ್ದ ಗಂಗಾಳ ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತು ಅಂಗಳಕ್ಕೆ ಬಿತ್ತು. ಹದಿಮೂರು ವರ್ಷದ ಹುಡುಗಿ ಬಾಯಿ ಮುಚ್ಚಿಕೊಂಡು ಚೀರಿದಳು. ಅಜ್ಜಿ ಭೀಮಕ್ಕ ಹಲ್ಲನ್ನು ಎತ್ತಿಕೊಂಡು, ಮನೆಯ ಯಾವ ಮಗುವಿನ ಹಲ್ಲು ಬಿದ್ದರೂ ಮಾಡುತ್ತಿದ್ದುದನ್ನೇ ಮಾಡಿದಳು. ಹೊಸದು ಬರಲೆಂದು ಮಾಳಿಗೆಯ ಮೇಲೆ ಒಗೆದಳು.

ಅಷ್ಟರಲ್ಲಿ ಸೊಸೆ ರೇಣುಕಮ್ಮ ಕೊಪ್ಪಳದ ದಂತ ಚಿಕಿತ್ಸಾಲಯಕ್ಕೆ ಫೋನ್ ಹಚ್ಚಿದ್ದಳು. ಹಿಂದೊಮ್ಮೆ ಹಲ್ಲು ತುಂಬಿಸಿಕೊಂಡಾಗ ಉಳಿಸಿಕೊಂಡಿದ್ದ ನಂಬರು ಅದು. ಡಾಕ್ಟರ್ ಮುಮ್ತಾಜಬೇಗಂ ಹುಡುಗಿಯ ವಯಸ್ಸು ಕೇಳಿಕೊಂಡು ಸ್ಪೀಕರಿನಲ್ಲಿ ಹೇಳಿದರು:

"ಇದು ಹಾಲಹಲ್ಲಲ್ರಿ, ಮತ್ತ ಹುಟ್ಟಂಗಿಲ್ಲ. ಆದ್ರ ಅದನ್ನ ತಿರುಗಿ ಕೂಡಿಸಾಕ ಬರ್ತೈತಿ. ಹಲ್ಲು ಎಲ್ಲೈತಿ?"

ರೇಣುಕಮ್ಮ ಅತ್ತೆಯನ್ನು ನೋಡಿದಳು. ಅತ್ತೆ ಮಾಳಿಗೆಯನ್ನು ನೋಡಿದಳು.

"ಒಗದ್ರೇನು, ಅತ್ತಿ?"

"ಒಗದೆ."

"ಹುಡುಕ್ರಿ," ಎಂದರು ಡಾಕ್ಟರ್. "ಬೇರು ಮುಟ್ಟಬ್ಯಾಡ್ರಿ, ಉಜ್ಜಬ್ಯಾಡ್ರಿ. ಹಾಲಿನ್ಯಾಗ ಹಾಕ್ಕೊಂಡು ಲಗೂನ ಬರ್ರಿ. ತಾಸು ದಾಟಿದ್ರ ಉಳಿಯೂದು ಕಷ್ಟ."

ಮಾಳಿಗೆ ತುಂಬ ಮೆಕ್ಕೆಜೋಳ ಒಣಗಲು ಹರವಿತ್ತು. ಒಂದೊಂದು ಕಾಳೂ ಹಲ್ಲಿನ ಹಾಗೇ ಕಾಣುತ್ತಿತ್ತು. ರೇಣುಕಮ್ಮ ಮೇಲೆ ಹತ್ತಿ ಎರಡೂ ಕೈಯಿಂದ ಕೆದಕತೊಡಗಿದಳು.

"ಕೆದಕಬ್ಯಾಡ, ಹುಗದು ಹೋಗ್ತೈತಿ!" ಭೀಮಕ್ಕ ಕೆಳಗಿನಿಂದ ಕೂಗಿದಳು. ಮೊಮ್ಮಗಳು ಜೀವಮಾನವಿಡೀ ಬಾಯಿಗೆ ಕೈ ಅಡ್ಡ ಹಿಡಿದು ನಗಬೇಕಾದರೆ ಅದು ತನ್ನ ಕೈಯಿಂದಲೇ. ಅಡುಗೆಮನೆಗೆ ಹೋಗಿ ನಾಲ್ಕು ಹುಣಸೆಬೀಜ ತಂದಳು. "ನಾ ಅಲ್ಲೇ ನಿಂತು ಹಂಗಽ ಒಗೀತೀನಿ. ಕರೀದು ಎಲ್ಲಿ ಬೀಳ್ತೈತಿ ನೋಡು."

ಮೊದಲ ಬೀಜ ಮಾಳಿಗೆ ದಾಟಿ ಪಕ್ಕದ ಮನೆಯ ಯಮನೂರಸಾಬನ ಟಂಟಂ ಮೇಲೆ ಟಣ್ಣೆಂದಿತು.

"ಏನ ಭೀಮಕ್ಕ, ನನ್ನ ಗಾಡಿಗೂ ಹಲ್ಲು ಬರಬೇಕೇನು?"

"ಬಾಯಿ ಮುಚ್ಚಿ ಗಾಡಿ ಚಾಲೂ ಮಾಡೋ!"

ಎರಡನೆಯದನ್ನು ಒಗೆಯುವ ಮುನ್ನ ಅವಳು ನಿಂತ ಜಾಗ ಸರಿಮಾಡಿಕೊಂಡಳು. ಬೀಜ ಹಳದಿ ಕಾಳುಗಳ ನಡುವೆ ಬಿತ್ತು. ಅದರಿಂದ ಒಂದು ಗೇಣು ಆಚೆ, ತುದಿಗೆ ಕೆಂಪು ಹತ್ತಿದ ಬಿಳಿಯದೊಂದು ಬಿದ್ದಿತ್ತು.

ತಮ್ಮೂರು ಹಿಟ್ನಾಳದಿಂದ ಕೊಪ್ಪಳದವರೆಗೆ ಟಂಟಂನಲ್ಲಿ ಭೀಮಕ್ಕ ಹಲ್ಲು ಹಾಕಿದ ಹಾಲಿನ ತಂಬಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹೆದ್ದಾರಿಯ ಲಾರಿಗಳು ಬದಿಯಲ್ಲಿ ಹಾದಾಗಲೆಲ್ಲ ಅದಕ್ಕೆ ಸೆರಗು ಮುಚ್ಚಿದಳು.

ಚಿಕಿತ್ಸಾಲಯದಲ್ಲಿ ಗೌತಮ ಎಂಬ ತರುಣ ಕಂಪ್ಯೂಟರಿನ ಮುಂದೆ ಕೂತಿದ್ದ. "ಹೊಸಾ ಪೇಶಂಟ್ ಏನ್ರಿ? ಮೊದ್ಲು ಹೆಸರು ನೋಂದಣಿ…"

"ಗೌತಮ, ಹೆಸರು ಎಲ್ಲೂ ಓಡಿಹೋಗಂಗಿಲ್ಲ," ಒಳಗಿನಿಂದ ಡಾಕ್ಟರ್ ಕೂಗಿದರು. "ಹುಡುಗಿನ್ನ ಕಳಿಸು."

ಡಾಕ್ಟರ್ ಮರಗಟ್ಟಿಸುವ ಸೂಜಿ ಕೊಟ್ಟರು. ತಂಬಿಗೆಯಿಂದ ಹಲ್ಲನ್ನು ಮೇಲ್ತುದಿ ಹಿಡಿದೇ ಎತ್ತಿ, ಸಲೈನಿನಲ್ಲಿ ತೊಳೆದರು. "ನೋಡ್ರಿ ಅಜ್ಜಿ, ಈ ಬೇರಿನ ಮ್ಯಾಲಿನ ಪೊರಿಯೊಳಗ ಇನ್ನೂ ಜೀವ ಐತಿ."

ಭೀಮಕ್ಕ ಬಗ್ಗಿ ನೋಡಿದಳು. ಬಾಯಿಂದ ಬಿದ್ದದ್ದು ಕಲ್ಲಿಗೆ ಸಮ ಎಂದೇ ಅವಳು ತಿಳಿದಿದ್ದಳು. ಡಾಕ್ಟರ್ ಹಲ್ಲನ್ನು ಅದರ ಗುಳಿಗೆ ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ತನ್ನ ಮನೆಯ ಗುರುತು ಹಿಡಿದಂತೆ ಒಳಗೆ ಇಳಿಯಿತು. ಕೂದಲೆಳೆಯಂಥ ತಂತಿಯಿಂದ ಅದನ್ನು ಅಕ್ಕಪಕ್ಕದ ಹಲ್ಲಿಗೆ ಅಂಟಿಸಿದರು. ಭೀಮಕ್ಕನ ಕೈಗಳು ತಾವಾಗಿ ಕೂಡಿಕೊಂಡವು.

"ಉಳೀತೈತೇನ್ರಿ?"

"ಈಗಽ ಹೇಳಾಕ ಬರಂಗಿಲ್ಲ. ವಾರ ಬಿಟ್ಟು ಬರ್ರಿ, ಒಳಗಿನ ನರ ತಗದು ತುಂಬಬೇಕು. ಆಮ್ಯಾಲೆ ತಂತಿ ಬಿಚ್ಚೂಣು."

ಹೊರಗೆ ಗೌತಮ ಹೆಸರು ಬರೆದುಕೊಂಡ. ತಂಬಿಗೆಯಲ್ಲಿ ಉಳಿದ ಹಾಲನ್ನು ಮೋರಿಗೆ ಚೆಲ್ಲಲು ಭೀಮಕ್ಕನಿಗೆ ಮನಸ್ಸಾಗಲಿಲ್ಲ. ಬೀದಿಯ ಬೇವಿನ ಬುಡಕ್ಕೆ ಎರೆದಳು.

ತಂತಿ ಬಿಚ್ಚಿದ ದಿನ ಡಾಕ್ಟರ್ ಕನ್ನಡಿಯ ಹಿಡಿಕೆಯಿಂದ ಹಲ್ಲನ್ನು ತಟ್ಟಿ ನೋಡಿ ತಲೆಯಾಡಿಸಿದರು. "ಕೈ ತೊಳಕೊಂಡು ಬರ್ರಿ ಅಜ್ಜಿ, ನೀವೂ ಮುಟ್ಟಿ ನೋಡ್ರಿ."

ಭೀಮಕ್ಕ ತೋರುಬೆರಳನ್ನು ಹಲ್ಲಿಗೆ ತಾಗಿಸಿದಳು. ಅಲುಗಲಿಲ್ಲ. ಬೆರಳು ತೆಗೆಯುವುದನ್ನೇ ಮರೆತು ನಿಂತಳು.

"ಆಯಿ," ಗಂಗಾ ಬಾಯಲ್ಲಿದ್ದ ಅಜ್ಜಿಯ ಬೆರಳಿನ ಪಕ್ಕದಿಂದಲೇ ತೊದಲಿದಳು, "ಮತ್ತ ಮಾಳಿಗಿ ಮ್ಯಾಲೆ ಒಗದಿ-ಗಿಗದಿ!"